ಕಾಫಿಯಿಲ್ಲದ ಕಣಕ್ಕೆ ಮಳೆ

ಚಿಕ್ಕಮಗಳೂರು, ಶನಿವಾರ

ಅತ್ತೆಯವರಿಗೆ ಸೊಸೆ ದೀಪಶ್ರೀಯ ನಮಸ್ಕಾರ.

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸದು, ಅದಕ್ಕೇ ಈ ಕಾರ್ಡು. ನಿಮ್ಮ ಮೊಮ್ಮಗಳು ಧನ್ಯಾಳ ಕಾಲೇಜಿಗೆಂದು ನಾವು ಹಿಡಿದಿರುವ ಮನೆ ಪೇಟೆ ನಡುವಿನ ಹಳೇ ಕಾಫಿ ಕ್ಯೂರಿಂಗ್ ಕಟ್ಟಡದಲ್ಲಿದೆ. ಮಾವನವರು ಲಾರಿಯಲ್ಲಿ ಪಾರ್ಚ್‌ಮೆಂಟ್ ಕಾಫಿ ಮೂಟೆ ತಂದು ಇಳಿಸುತ್ತಿದ್ದರಲ್ಲ, ಅದೇ. ಒಳಗೆ ಗೋಡೆ ಹಾಕಿ ಫ್ಲ್ಯಾಟ್ ಮಾಡಿದ್ದಾರೆ. ಕಾಫಿ ಒಣಗಿಸುತ್ತಿದ್ದ ಕಣದಲ್ಲಿ ಈಗ ಕಾರು ನಿಲ್ಲಿಸುತ್ತಾರೆ.

ನಿನ್ನೆ ಮಧ್ಯಾಹ್ನ ಜೊಂಪು ಹತ್ತಿತ್ತು. ಇದ್ದಕ್ಕಿದ್ದಂತೆ ಮಳೆ ಸದ್ದು. ಕಿಟಕಿಯಲ್ಲಿ ಕಣ ಕಂಡದ್ದೇ ತಡ, "ಮಳೆ ಬಂತು, ಕಾಫಿ ಬಾಚ್ರೋ!" ಎಂದು ಕಿರುಚುತ್ತಾ ಬರಿಗಾಲಲ್ಲಿ ಕೆಳಗೋಡಿದೆ. ಥೇಟ್ ನಿಮ್ಮದೇ ದನಿ! ತಿರುಗಿ ನೋಡಿದರೆ ಮೇಲಿನ ಮನೆಯ ಗಿರಿಜಾಂಬಾ ಅವರು ಬೆಡ್‌ಶೀಟ್ ಹಿಡಿದು ಓಡಿಬರುತ್ತಿದ್ದಾರೆ. ಹಿಂದೆಯೇ ಟಾರ್ಪಾಲು ಎಳೆದುಕೊಂಡು ಪಕ್ಕದ ಮನೆಯ ನಾಗೇಶಯ್ಯ, ಮೊದಲು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು. ಮೂವರೂ ಕಾರುಗಳ ನಡುವೆ ನೆನೆಯುತ್ತಾ ನಿಂತೆವು. "ಎಲ್ಲಿದೆ ಮಾರಾಯ್ರೇ ಕಾಫಿ?" ಎಂದರು ನಾಗೇಶಯ್ಯ. ಆರು ತಿಂಗಳಿಂದ ಒಬ್ಬರನ್ನೊಬ್ಬರು ಮಾತಾಡಿಸದಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಟಾರ್ಪಾಲು ತಂದದ್ದು ದಂಡವಾಗಬಾರದೆಂದು ಯಾರದೋ ಸ್ಕೂಟರಿಗೆ ಹೊದಿಸಿ ಬಂದೆವು.

ನೆಗಡಿಯಾಗಿದೆ, ಗಾಬರಿಯಿಲ್ಲ. ಬಾಡಿಗೆ ಹದಿನಾಲ್ಕು ಸಾವಿರ, ಆ ಕಣದಲ್ಲಿ ಗಾಡಿ ನಿಲ್ಲಿಸಲು ಬೇರೆ ದುಡ್ಡು. ಕರಿಬೇವನ್ನೂ ಕೊಂಡೇ ತರಬೇಕು. ಜಾವಳಿಯ ನಮ್ಮ ತೋಟದಿಂದ ಯಾರಾದರೂ ಬಂದರೆ ಕಾಫಿಪುಡಿ ಕಳಿಸಿ, ಮೂರು ಮನೆಗಾಗುವಷ್ಟು.

ಕಾರ್ಡು ತುಂಬಿತು. ಅಲ್ಲಿಯೂ ಮಳೆಯಾಯಿತೇ? ನಮ್ಮ ಕಣ ಮುಚ್ಚುವಾಗ ಟಾರ್ಪಾಲಿನಲ್ಲಿ ನಾನು ಹಿಡಿಯುತ್ತಿದ್ದ ತುದಿಯನ್ನು ಯಾರು ಹಿಡಿದರು?

ನಿಮ್ಮ
ದೀಪು