ಹಂಸಾಬೆನ್ನರ ಅಲಮಂಡ

ಡಿಸೆಂಬರ್ 9, ಬೆಳಿಗ್ಗೆ 6.40
ಟೆರೇಸ್ 14 ಡಿಗ್ರಿ. ಪೇಪರಿನಲ್ಲಿ 15. ಎಂದಿನ ವ್ಯತ್ಯಾಸ. ಅಲಮಂಡ ಬಳ್ಳಿಗೆ ಇವತ್ತು ನೀರಿಲ್ಲ — ಚಳಿಯಲ್ಲಿ ಬೇರು ಒದ್ದೆಯಾಗಿದ್ದರೆ ಕೊಳೆಯುತ್ತದೆ. ಎಲೆ ಇಪ್ಪತ್ತೆರಡು.

ಬಳ್ಳಿ ನನ್ನದಲ್ಲ. ಕೆಳಮನೆ ಹಂಸಾಬೆನ್ ಮಗಳ ಹೆರಿಗೆಗೆ ಸೂರತ್‌ಗೆ ಹೋಗುವಾಗ ಕೊಟ್ಟದ್ದು. ತವರಿನ ಅಂಗಳದ ಗಿಡದ ತುಂಡು. ಆ ಮನೆ ಈಗಿಲ್ಲ, ಗಿಡವೂ ಇಲ್ಲ. ಇಂಥ ಎರಡು ತುಂಡು ಹಿಂದಿನ ಚಳಿಗಾಲಗಳಲ್ಲಿ ಹೋದವು. ಉಳಿದದ್ದು ಇದೊಂದೇ. "ವೆಂಕಟಭಾಯ್, ಅಬ್ ಆಪ್ ಕೇ ಭರೋಸೇ" ಎಂದರು. ಗ್ಯಾರಂಟಿ ಕೊಟ್ಟೆ.

ಡಿಸೆಂಬರ್ 21
10 ಡಿಗ್ರಿ. ಇನ್ನೂ ಇಳಿಯುತ್ತದಂತೆ. ನಾಲ್ಕು ಬಿದಿರು ಕಡ್ಡಿ, ಸುತ್ತ ದಪ್ಪ ಪ್ಲಾಸ್ಟಿಕ್, ಗಾಳಿ ನುಗ್ಗದಂತೆ ಟೇಪ್. ಹೆಂಡತಿ ಊರ್ಮಿಳಾ ನಕ್ಕಳು: "ಬಾಣಂತಿಗೂ ಇಷ್ಟು ಸುತ್ತಲ್ಲ ಕಣ್ರೀ!" ಹಂಸಾಬೆನ್‌ಗೆ ಫೋಟೋ ಕಳಿಸಿದೆ. ನಾಳೆಯಿಂದ ವಡೋದರಾದಲ್ಲಿ ಆಡಿಟ್. ಚಿಂತೆಯಿಲ್ಲ.

ಡಿಸೆಂಬರ್ 26, ಸಂಜೆ
ಬಂದವನೇ ಟೆರೇಸಿಗೆ ಹೋದೆ. ಪ್ಲಾಸ್ಟಿಕ್ ಒಳಗೆಲ್ಲ ಹಬೆ. ಎಲೆಗಳು ಬೇಯಿಸಿದ ಸೊಪ್ಪು...
ಚಳಿ ಅಲ್ಲ. ಹಗಲ ಬಿಸಿಲು.
ಊರ್ಮಿಳಾ ಪೇಪರ್ ತಂದು ಮುಂದೆ ಹಿಡಿದಳು. "ಕನಿಷ್ಠದ ಪಕ್ಕ ಗರಿಷ್ಠ ಅಂತಾನೂ ಹಾಕಿರ್ತಾರೆ. ಅದನ್ನ ಓದಲ್ವಾ?" 28. ನಲವತ್ತು ವರ್ಷದಿಂದ ದಿನಾ ಪೇಪರ್ ಓದುವವನು ನಾನು.

ಜನವರಿ 3
ತುದಿ ಕಪ್ಪಾಗಿದೆ. ಎರಡು ಗೇಣು ಕತ್ತರಿಸಿದೆ. ಹಾಲು ಒಸರಲಿಲ್ಲ — ಅಲ್ಲಿ ಜೀವವಿಲ್ಲ. ಹಂಸಾಬೆನ್ ಫೋನ್ — ಗಂಡು ಮಗು. "ಮೇರೀ ಬೇಲ್ ಕೈಸೀ ಹೈ?" ಬಳ್ಳಿ ಚಳಿಗೆ ನಿದ್ದೆ ಮಾಡುತ್ತಿದೆ ಎಂದೆ. ಸುಳ್ಳಲ್ಲ ಎಂದು ಊರ್ಮಿಳಾ ಜೊತೆ ವಾದಿಸಿದೆ. ಸುಳ್ಳೇ.

ಜನವರಿ 8
ಮಣಿನಗರ ಸ್ಟೇಷನ್ ದಾರಿಯ ನರ್ಸರಿ. ಅದೇ ಹಳದಿ ಅಲಮಂಡ, ಅದೇ ಎತ್ತರ. ಹತ್ತು ನಿಮಿಷ ನಿಂತೆ. ಕೊಳ್ಳಲಿಲ್ಲ.

ಜನವರಿ 12, ಬೆಳಿಗ್ಗೆ 7.10
ಮಣ್ಣಿನಿಂದ ನಾಲ್ಕು ಬೆರಳು ಮೇಲೆ ಉಗುರಿನಿಂದ ಕೆರೆದೆ. ಹಸಿರು! ಬಿಳಿ ಹಾಲು ಒಂದು ಹನಿ. ಬುಡ ಬದುಕಿದೆ. ರಾತ್ರಿ ಗೋಣಿ ಹೊದಿಸುವುದು, ಬಿಸಿಲು ಬರುವ ಮೊದಲು ತೆಗೆಯುವುದು. ಮಾರ್ಚ್ ಹೊತ್ತಿಗೆ ಚಿಗುರುತ್ತದೆ. ಇದು ಬಡಾಯಿ ಅಲ್ಲ.

ಜನವರಿ 13, ಸಂಜೆ 5.20
ನಾಳೆ ಉತ್ತರಾಯಣ. ಟೆರೇಸ್ ತುಂಬ ಗಾಳಿಪಟದವರು. ಕುಂಡ ನಮ್ಮ ಬಾಲ್ಕನಿಗೆ ಬಂತು. ಹಬ್ಬಕ್ಕೆಂದು ಹಂಸಾಬೆನ್ ಕೂಡ — ಕೆಳಗೆ ಆಟೋ ನಿಂತಿದೆ.
"ಚಳಿಗೆ ಹೀಗಾಯ್ತು ಅನ್ನಿ. ನಂಬ್ತಾರೆ," ಎಂದಳು ಊರ್ಮಿಳಾ.
ನಂಬುತ್ತಾರೆ. ಅದೇ ತೊಂದರೆ. ನಾನು ಕಳಿಸಿದ ಫೋಟೋ ಅವರ ಫೋನಿನಲ್ಲಿದೆ. ಮುಂದಿನ ವರ್ಷ ಅವರೂ ಹಗಲೆಲ್ಲ ಪ್ಲಾಸ್ಟಿಕ್ ಸುತ್ತಿಡುತ್ತಾರೆ.
ಮೆಟ್ಟಿಲಲ್ಲಿ ದನಿ: "ವೆಂಕಟಭಾಯ್! ಕಹಾಂ ಹೈ ಮೇರೀ ಬೇಲ್?" ಕುಂಡ ಎತ್ತಿಕೊಂಡು ಹೋಗುತ್ತೇನೆ. ಬೇಯಿಸಿದ್ದು ನಾನೇ ಎಂದು ಮೊದಲು—