ಯಾವ ಅರ್ಧ ನಿನ್ನದು?

ಅಗ್ರಹಾರ, ಮೈಸೂರು
12-8-2024

ಪ್ರೀತಿಯ ತಂಗಿ ಅಂಬುಜಾ,

ಮಂಡಿನೋವು ಹೇಗಿದೆ? ಅರಸೀಕೆರೆಯ ಗಾಳಿ ನಿನಗೆ ಒಗ್ಗಿತೇ? ಮಗಳ ಮನೆ ಅಂತ ಸಂಕೋಚಪಟ್ಟುಕೊಂಡು ಅರೆಹೊಟ್ಟೆ ತಿನ್ನಬೇಡ. ಎಂಟು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಕಾಗದವನ್ನಾದರೂ ಹರಿಯದೆ ಓದು ಕಣಮ್ಮ. ನಾನು ಚೆನ್ನಾಗಿದ್ದೇನೆ, ತಲೆಯೊಂದು ಕೆಟ್ಟಿದೆ ಅಷ್ಟೆ.

ನೀನು ಕಳಿಸಿದ ಒಪ್ಪಿಗೆ ಪತ್ರ ಬಂತು. ಮನೆಯಲ್ಲಿ ನಿನ್ನ ಅರ್ಧವನ್ನು ಹಾಸ್ಟೆಲ್ ನಡೆಸುವ ಯಾರೋ ವಿಜಯ್‌ಕುಮಾರ್‌ಗೆ ಮಾರುತ್ತೀಯಂತೆ, ಅದಕ್ಕೆ ನಾನು ಸಹಿ ಹಾಕಬೇಕಂತೆ. ನೀನು ರೇಷ್ಮೆ ಕಾರ್ಖಾನೆಯಲ್ಲಿ, ನಾನು ಶಾಲೆಯಲ್ಲಿ ದುಡಿದು, ನಿವೃತ್ತಿಯ ಹಣ ಒಟ್ಟುಹಾಕಿ ಇಬ್ಬರ ಹೆಸರಿಗೂ ಬರೆಸಿಕೊಂಡ ಮನೆ ಕಣೇ ಇದು. ಗುರುತು ಪರಿಚಯವಿಲ್ಲದವರ ಮಧ್ಯೆ ನಾನು ಎಲ್ಲಿ ಕೂರಲಿ, ಎಲ್ಲಿ ಏಳಲಿ? ಮೊನ್ನೆ ಆ ಮನುಷ್ಯ ಟೇಪು ಹಿಡಿದುಕೊಂಡೇ ಬಂದು, "ಅವ್ರ ಅರ್ಧ ಯಾವ್ದಮ್ಮ?" ಅಂದ. ಗೃಹಪ್ರವೇಶದ ದಿನ ನಾವೇ ಬಾಯಿಮಾತಿನಲ್ಲಿ ಹಂಚಿಕೊಂಡಿದ್ದೆವಲ್ಲ, ನಡುಮನೆಯ ಹೊಸಿಲಿನಿಂದ ಹಿಂದಕ್ಕೆ ನಿನ್ನದು, ಮುಂದಕ್ಕೆ ನನ್ನದು ಅಂತ. ಹಾಗೇ ಕೈ ತೋರಿಸಿಬಿಟ್ಟೆ. ಆಮೇಲೆ ಹೊಳೆಯಿತು, ಬಚ್ಚಲು ನಿನ್ನ ಕಡೆಯಲ್ಲಿದೆ! ಇನ್ನುಮುಂದೆ ಸ್ನಾನಕ್ಕೂ ಅವನ ಅಪ್ಪಣೆ ಕೇಳಬೇಕೇನೇ?

ನಮ್ಮ ಮನೆಯ ಕ್ರಯಪತ್ರ ಹಿಡಿದುಕೊಂಡು ಲಕ್ಷ್ಮೀಪುರಂನ ವಕೀಲ ಸದಾಶಿವಯ್ಯನವರ ಹತ್ತಿರ ಓಡಿದೆ. ಪುಟ ತಿರುವಿ ನಕ್ಕರು. "ಮಹದೇವಮ್ನೋರೇ, ಇದ್ರಲ್ಲಿ ಹಿಂದೆ ಮುಂದೆ ಅಂತ ಏನೂ ಇಲ್ಲ ಕಣ್ರೀ. ಒಂದೊಂದು ಇಟ್ಟಿಗೇಲೂ ಇಬ್ರಿಗೂ ಅರ್ಧರ್ಧ," ಅಂದರು. ಹಾಗಾದರೆ ಕೊಳ್ಳುವವನು ಕೊಳ್ಳುವುದೇನನ್ನು ಅಂದೆ. ನಿನ್ನ ಪಾಲನ್ನಂತೆ. ಆ ಪಾಲು ಎಲ್ಲಿದೆ ಅಂದೆ. ಎಲ್ಲ ಕಡೆಯೂ ಇದೆಯಂತೆ. ಇದೊಳ್ಳೆ ಕತೆಯಾಯಿತಲ್ಲ! ಅವನು ಕೋರ್ಟಿಗೆ ಹೋಗಿ ವಿಭಾಗ ಕೇಳಬಹುದಂತೆ. ಇಷ್ಟು ಚಿಕ್ಕ ಮನೆಯನ್ನು ಸೀಳಲು ಆಗದಿದ್ದರೆ ಪೂರ್ತಿ ಮಾರಿಸಿ ದುಡ್ಡು ಹಂಚಲೂಬಹುದಂತೆ. ತಲೆ ಆಡಿಸಿಕೊಂಡು ಬಂದೆ, ಗೊತ್ತಾಗಿದ್ದು ಅಷ್ಟಕ್ಕಷ್ಟೆ.

ಮನೆಗೆ ಬಂದವಳೇ ನಿನ್ನ ಕೋಣೆಗೆ ಹೋದೆ. ನೀನು ಹೋದ ಮೇಲೆ ಅದೇ ಮೊದಲು, ಬಚ್ಚಲಿಗೆ ಹೋಗಿಬಂದರೂ ನಿನ್ನ ಕೋಣೆ ಅಂತ ಒಳಗೆ ಕಾಲಿಟ್ಟಿರಲಿಲ್ಲ. ಹಾಸಿಗೆ ಪೂರ್ತಿ ತೊಯ್ದುಹೋಗಿತ್ತು. ಸೋರುತ್ತೆ ಅಕ್ಕಾ, ಹೆಂಚು ಬದಲಾಯಿಸೋಣ ಅಂತ ನೀನು ಎಷ್ಟು ಸಲ ಕೇಳಿದೆ! "ನಿನ್ ಕಡೆ ಸೋರಿದ್ರೆ ನೀನೇ ನೋಡ್ಕೋ, ನನ್ನನ್ಯಾಕೆ ಕೇಳ್ತೀಯ?" ಅಂದುಬಿಟ್ಟೆ. ಪಾಪಿ ನಾನು. ಆ ಹೆಂಚಿನಲ್ಲೂ ಅರ್ಧ ನನ್ನದೇ ಆಗಿತ್ತಲ್ಲೇ. ನಿನ್ನನ್ನು ಮನೆ ಬಿಡಿಸಿದವಳು ನಾನೇ. ತಪ್ಪಾಯಿತು ಕಣೇ.

ಸಹಿ ಹಾಕಲೋ ಬೇಡವೋ ತಿಳಿಯುತ್ತಿಲ್ಲ. ಹಾಕಿದರೆ ನನ್ನ ನೆಲೆ ಹೋಗುತ್ತದೆ. ಹಾಕದಿದ್ದರೆ ನಿನ್ನ ಹಕ್ಕಿಗೆ ಅಡ್ಡ ನಿಂತ ಹಾಗಾಗುತ್ತದೆ. ಮೂರು ದಿನದಿಂದ ಪೆನ್ನು ಕೈಗೆ ತೆಗೆದುಕೊಳ್ಳುವುದು, ಕೆಳಗಿಡುವುದು, ಇದೇ ಆಗಿದೆ.

ಮಗಳಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸು. ಚಾಮುಂಡಿ ತಾಯಿ ನಿನ್ನ ಮಂಡಿಗೆ ಬಲ ಕೊಡಲಿ.

ನಿನ್ನ ದಡ್ಡ ಅಕ್ಕ,
ಮಹದೇವಮ್ಮ

ಮರೆತ ಮಾತು: ವಕೀಲರ ಹತ್ತಿರ ಸಹಿಯ ವಿಷಯ ಕೇಳುವುದನ್ನೇ ಮರೆತು ಬಂದಿದ್ದೆ. ಕವರು ಅಂಟಿಸುವ ಮುಂಚೆ ಫೋನ್ ಮಾಡಿ ಕೇಳಿದೆ. ನಿನ್ನ ಪಾಲು ಮಾರುವುದಕ್ಕೆ ನನ್ನ ಸಹಿ ಬೇಕಾಗಿಯೇ ಇಲ್ಲವಂತೆ! ಹೋದ ತಿಂಗಳು ನೀನೇ ಅವರನ್ನು ಕೇಳಿದ್ದೆಯಂತೆ, ನಿನಗೂ ಇದನ್ನೇ ಹೇಳಿದ್ದರಂತೆ. ಗೊತ್ತಿದ್ದೂ ಆ ಪತ್ರ ಯಾಕೆ ಕಳಿಸಿದೆ? ಅಕ್ಕ ಬೇಡ ಅನ್ನಲಿ ಅಂತ ತಾನೇ? ಬೇಡ ಕಣೇ. ಪತ್ರ ಹರಿದು ಹಾಕಿದೆ. ಶುಕ್ರವಾರ ಹೆಂಚು ಹೊದಿಸಲು ಮೂಗಯ್ಯ ಬರುತ್ತಾನೆ. ಜಂಟಿ ಮನೆ, ನಿನ್ನನ್ನು ಕೇಳದೆ ಒಂದು ಹೆಂಚನ್ನೂ ತೆಗೆಸುವ ಹಾಗಿಲ್ಲ. ಗುರುವಾರವೇ ಬಾ.