ಕಾಂಡ್ಲದ ಕೋಡು ಕಡಿದವರು

ಅಘನಾಶಿನಿ ಅಳಿವೆ
ಏರುನೀರು ವರ್ಷ ನೂರಾ ನಲವತ್ತು, ಶ್ರಾವಣ

ಹಿಂದಿನ ಕಾಲದವರಾದ ನಿಮಗೆ ಬೀರಮ್ಮ ಅಂಬಿಗ ಮಾಡುವ ನಮಸ್ಕಾರ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಸಮುದ್ರ ಒಳಗೆ ಬಂದು ನಿಂತ ದಿನದಿಂದ ನಾವು ವರ್ಷ ಎಣಿಸುತ್ತೇವೆ, ಅದೇ ಏರುನೀರು. ನೀರಿನ ಮೇಲೆ ಬಿದಿರು ಹಾಸಿ, ಮಣ್ಣು ಹರಡಿ, ಉಪ್ಪಿಗೆ ಜಗ್ಗದ ಕಗ್ಗ ಭತ್ತ ಬೆಳೆಯುತ್ತೇವೆ. ಅದಕ್ಕೆ ತೇಲುಗದ್ದೆ ಅನ್ನುತ್ತೇವೆ. ಊರಿನ ಒಡ್ಡನ್ನು ಹಿಡಿದು ನಿಲ್ಲಿಸಿದ್ದು ನೀವು ಬಿಟ್ಟುಹೋದ ಒಂದೇ ಒಂದು ಕಾಂಡ್ಲ ಮರ. ಬೇರುಗಳನ್ನು ಕಾಲಿನ ಹಾಗೆ ಊರಿ ಕೆಸರಲ್ಲಿ ನಿಂತಿದ್ದ ಅದನ್ನು ನಾವು ಅಜ್ಜಿ ಅಂತಲೇ ಕರೆಯುತ್ತಿದ್ದೆವು.

ನಾವು ಘಟ್ಟದಿಂದ ಇಳಿದು ಬಂದವರ ಮಕ್ಕಳು, ಕಡಲಂಚಿನ ಮರದ ಗುಣ ನಮಗೇನು ಗೊತ್ತು? ಮಳೆಗಾಲ ಹತ್ತಿರವಾದರೆ ಅಜ್ಜಿಯ ಕೊಂಬೆಗಳಲ್ಲಿ ಮೊಳದುದ್ದದ ಹಸಿರು ಕೋಡುಗಳು ಜೋತುಬೀಳುತ್ತಿದ್ದವು. ರೋಗ ಅಂದುಕೊಂಡೆವು. ಪ್ರತಿ ಆಷಾಢದ ಅಮಾಸೆಗೆ ಊರೆಲ್ಲ ದೋಣಿ ಕಟ್ಟಿಕೊಂಡು ಹೋಗಿ ಅವನ್ನು ಕಡಿದು, ರೋಗ ನೆಲಕ್ಕೆ ತಾಗದಂತೆ ಬುಟ್ಟಿಯಲ್ಲಿ ಹಿಡಿದು, ಸುಟ್ಟು, ಗಾಯಕ್ಕೆ ಅರಿಶಿನ ಹಚ್ಚಿ ಬರುತ್ತಿದ್ದೆವು. ಎಷ್ಟು ಅಕ್ಕರೆಯಿಂದ ಮಾಡುತ್ತಿದ್ದೆವು ಗೊತ್ತಾ! ಮರ ಮರಿ ಹಾಕಲಿ ಎಂದು ಪೂಜೆ ಬೇರೆ ಕೊಡುತ್ತಿದ್ದೆವು.

ಹೋದ ವಾರದ ಗಾಳಿಗೆ ಅಜ್ಜಿ ಬುಡಸಮೇತ ಮಗುಚಿತು. ಒಡ್ಡು ಬಿರಿದಿದೆ. ನಿನ್ನೆ ಇಳಿತದ ಹೊತ್ತಿಗೆ ಅದನ್ನು ನೋಡಲು ಹೋದ ಗಣಪಿ ಚಿಕ್ಕಿ ಕೂಗಿ ನಮ್ಮನ್ನೆಲ್ಲ ಕರೆದಳು. ಅಮಾಸೆಯ ದಿನ ಅವಳ ಬುಟ್ಟಿಯಿಂದ ಜಾರಿದ್ದ ಒಂದು ಕೋಡು ಕೆಸರಲ್ಲಿ ನೆಟ್ಟಗೆ ನಿಂತಿತ್ತು. ತಲೆಯಲ್ಲಿ ಎರಡು ಎಲೆ! ಅಯ್ಯೋ ದೇವರೇ, ಅದು ರೋಗವಲ್ಲ, ತಾಯಿಮರದಲ್ಲೇ ಮೊಳೆತ ಸಸಿ. ಸುಟ್ಟಿದ್ದೆಲ್ಲ ಅಜ್ಜಿಯ ಮಕ್ಕಳನ್ನೇ ಅಲ್ಲವೇನೇ ಎಂದು ಚಿಕ್ಕಿ ಎದೆ ಬಡಿದುಕೊಂಡಳು.

ನಿಮ್ಮ ಮೇಲೆ ಸಿಟ್ಟೂ ಬರುತ್ತಿದೆ. ಊಟದ ತಟ್ಟೆಯ ಚಿತ್ರವನ್ನೂ ಬಿಡದೆ ಉಳಿಸಿ ಹೋದಿರಿ. ಈ ಕೋಡಿನ ವಿಷಯ ಮಾತ್ರ ಎಲ್ಲರಿಗೂ ಗೊತ್ತಿದ್ದದ್ದೇ ಅಂದುಕೊಂಡು ಯಾರೂ ಹೇಳದೆ ಹೋದಿರಾ? ನಿಮ್ಮ ಕಾಲಲ್ಲಿ ಕಾಂಡ್ಲದ ಕಾಡೇ ಇತ್ತಂತೆ. ದಮ್ಮಯ್ಯ, ಇವತ್ತೇ ಯಾರನ್ನಾದರೂ ಕೆಸರಿಗಿಳಿಸಿ ಆ ಕೋಡು ತೋರಿಸಿ, ಕೈಯಲ್ಲಿ ಹಿಡಿಸಿ, ಊರಲು ಕಲಿಸಿ.

ಈಗ ಉಳಿದಿರುವುದು ಆ ಸಸಿಯೊಂದೇ. ಚಿಕ್ಕಿ ಸೊಂಟದವರೆಗಿನ ನೀರಲ್ಲಿ ಕೂತು ಅದನ್ನು ಕಡಿಯಲು ಬರುವ ಏಡಿ ಓಡಿಸುತ್ತಿದ್ದಾಳೆ, ಕರೆದರೂ ಮೇಲೆ ಬರುತ್ತಿಲ್ಲ. ಭರತದ ನೀರು ಏರುತ್ತಿದೆ, ಸಸಿ ಕಾಯುವ ನನ್ನ ಪಾಳಿ ಬಂತು. ಹೊರಡುತ್ತೇನೆ.